ಹಾಲಿನಲ್ಲಿ ಇಳಿಯುವ ಫ್ಯಾಟು ಮಾಂಸದಲ್ಲಿ ಏರುತ್ತದೆ

ನಾನು ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ದನಗಳ ಮೇವಿನ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಹಾಲಿನ ದನಗಳಲ್ಲ, ಮಾಂಸಕ್ಕೆಂದೇ ಬೆಳೆಸುವವು. ಊರು ಮಳವಳ್ಳಿ ಕಡೆ. ಓದಿದ್ದು ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ, ಆಮೇಲೆ ಇಲ್ಲಿ ಲಿಂಕನ್‌ನಲ್ಲಿ. ಇಷ್ಟು ಹೇಳಿದ ತಕ್ಷಣ ಕೆಲವರು ಮಾತು ಬದಲಿಸುತ್ತಾರೆ. ಕಾಲೇಜಿನ ಹಳೆ ಗೆಳತಿಯರು ಮಾತ್ರ ವಾಟ್ಸಾಪ್‌ನಲ್ಲಿ ಬೇರೆಯಾಗಿ ಬಂದು ಕೇಳುತ್ತಾರೆ: "ಲೇ, ಅಲ್ಲಿ ದನಕ್ಕೆ ಏನು ಹಾಕ್ತೀರೇ? ಮಾಂಸದೊಳಗೆ ಅಷ್ಟೊಂದು ಬಿಳಿ ಎಳೆ ಹೆಂಗೆ ಬರುತ್ತೆ?" ಇದು ಅವರಿಗಾಗಿ. ತಿನ್ನಬೇಕೇ ಬೇಡವೇ ಎಂಬ ಜಗಳ ಇಲ್ಲಿ ಬೇಡ. ನಮ್ಮ ಮನೆಯಲ್ಲಿ ಕುರಿ, ಕೋಳಿ ಉಂಟು, ದನದ ಮಾಂಸ ಇಲ್ಲ. ನನ್ನ ಕೆಲಸ ಏನು ಅಂತ ಅಪ್ಪನಿಗೆ ಗೊತ್ತು. ಮೊದಮೊದಲು ಸುಮ್ಮನಿದ್ದರು. ಈಗ ಮೇವಿನ ಮಾತು ಬಂದರೆ ಫೋನ್ ಇಡುವುದೇ ಇಲ್ಲ.

ಇಡದೇ ಇರುವುದಕ್ಕೆ ಕಾರಣ ಇದೆ. ಅವರ ದಿನ ಶುರುವಾಗುವುದೇ ಫ್ಯಾಟಿನಿಂದ. ಡೈರಿಗೆ ಹಾಲು ಹಾಕಿ ಬಂದ ಕೂಡಲೇ ಮನೆಯಲ್ಲಿ ಕೇಳುವ ಮೊದಲ ಮಾತು "ಫ್ಯಾಟ್ ಎಷ್ಟು ಬಂತು?" 4 ದಾಟಿದರೆ ಹಸುವಿಗೆ ಹೊಗಳಿಕೆ, 3.2ಕ್ಕೆ ಇಳಿದರೆ ಡೈರಿಯ ಮಿಷನ್ ಮೇಲೆ ಅನುಮಾನ. ಒಂದು ದಿನ ಫೋನಿನಲ್ಲಿ ಕೇಳಿದರು:

"ಅಲ್ಲೂ ಫ್ಯಾಟ್ ನೋಡ್ತಾರೇನವ್ವಾ?"

"ಹೂಂ ಅಪ್ಪ. ರೇಟೇ ಅದರ ಮೇಲೆ."

"ಹಂಗಾದ್ರೆ ಹುಲ್ಲು ಜಾಸ್ತಿ ಹಾಕಕ್ಕೆ ಹೇಳು. ತಿಂಡಿ ಜಾಸ್ತಿ ಆದ್ರೆ ಫ್ಯಾಟ್ ಬಿದ್ದೋಯ್ತದೆ ಕನವ್ವಾ."

ಹಾಲಿನ ಮಟ್ಟಿಗೆ ಅಪ್ಪನ ಮಾತು ನೂರಕ್ಕೆ ನೂರು ನಿಜ. ಮಾಂಸಕ್ಕೆ ಬಂದರೆ ಪೂರ್ತಿ ಉಲ್ಟಾ. ಹುಲ್ಲು ಕಡಿಮೆ ಮಾಡಿ ಕಾಳು ಏರಿಸಿದರೆ ಹಾಲಿನ ಫ್ಯಾಟು ಇಳಿಯುತ್ತದೆ, ಮಾಂಸದೊಳಗಿನ ಫ್ಯಾಟು ಏರುತ್ತದೆ. ಅದೇ ಹೊಟ್ಟೆ, ಅದೇ ಮೇವು. ನನ್ನ ಸಂಬಳ ಬರುವುದು ಈ ಉಲ್ಟಾದಿಂದಲೇ.

ದನ ತಿಂದದ್ದು ನೇರವಾಗಿ ದನಕ್ಕೆ ಸೇರುವುದಿಲ್ಲ, ಅಲ್ವಾ? ಮೆಲುಕು ಚೀಲದಲ್ಲಿರುವ ಸೂಕ್ಷ್ಮಜೀವಿಗಳು ಮೊದಲು ತಿನ್ನುತ್ತವೆ. ಅವು ಹೊರಗೆ ಬಿಡುವ ಆಮ್ಲಗಳೇ ದನಕ್ಕೆ ಶಕ್ತಿ. ಹುಲ್ಲಿನ ನಾರು ಕೊಟ್ಟರೆ ಅಸಿಟೇಟ್ ಜಾಸ್ತಿ ಬರುತ್ತದೆ. ಕಾಳಿನ ಪಿಷ್ಟ ಕೊಟ್ಟರೆ ಪ್ರೊಪಿಯೊನೇಟ್ ಪಾಲು ಏರುತ್ತದೆ. ಕೆಚ್ಚಲು ಹಾಲಿನ ಕೊಬ್ಬು ಕಟ್ಟಲು ಅಸಿಟೇಟ್ ಬಳಸುತ್ತದೆ. ಹಾಗಾಗಿ ಕಾಳು ಜಾಸ್ತಿಯಾದಾಗ ಫ್ಯಾಟು ಇಳಿಯುವುದಕ್ಕೆ ಅಸಿಟೇಟ್ ಕೊರತೆಯೇ ಕಾರಣ ಎಂದು ಹಿಂದೆ ಹೇಳುತ್ತಿದ್ದರು. ಈಗ ಗೊತ್ತಿರುವುದು ಬೇರೆ. ಚೀಲ ಹುಳಿಯಾದಾಗ ಸೂಕ್ಷ್ಮಜೀವಿಗಳು ಮೇವಿನ ಎಣ್ಣೆಯನ್ನು ಬೇರೊಂದು ದಾರಿಯಲ್ಲಿ ಮಾರ್ಪಡಿಸುತ್ತವೆ. ಆಗ ಹುಟ್ಟುವ ಒಂದು ಬಗೆಯ ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಚ್ಚಲಿಗೆ ಹೋಗಿ ಅಲ್ಲಿಯ ಕೊಬ್ಬಿನ ಕೆಲಸಕ್ಕೆ ತಡೆ ಹಾಕುತ್ತದೆ. ತೀರಾ ಸ್ವಲ್ಪ ಇದ್ದರೂ ಸಾಕು.

ಮಾಂಸದ ಕಡೆ ನಡೆಯುವುದು ಇನ್ನೊಂದು. ಪ್ರೊಪಿಯೊನೇಟ್ ಲಿವರ್‌ಗೆ ಹೋಗಿ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಏರಿದರೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಮಾತನ್ನು ಕೆಚ್ಚಲು ಅಷ್ಟಾಗಿ ಕೇಳುವುದಿಲ್ಲ, ಮೈಯ ಕೊಬ್ಬಿನ ಕಣಗಳು ಚೆನ್ನಾಗಿ ಕೇಳುತ್ತವೆ. ಅದರಲ್ಲೂ ಸ್ನಾಯುವಿನ ಎಳೆಗಳ ನಡುವೆ ಕೂತಿರುವ ಕಣಗಳಿಗೆ ಗ್ಲೂಕೋಸ್ ಎಂದರೆ ಇಷ್ಟ. ಚರ್ಮದ ಕೆಳಗಿನ ಕೊಬ್ಬು ಹೆಚ್ಚಾಗಿ ಅಸಿಟೇಟ್‌ನಿಂದಲೇ ಬೆಳೆಯುತ್ತದೆ. ಅಂದರೆ ಕಾಳಿನ ಮೇವು ದನವನ್ನು ಸುಮ್ನೆ ದಪ್ಪ ಮಾಡುವುದಿಲ್ಲ. ಕೊಬ್ಬು ಎಲ್ಲಿ ಕೂರಬೇಕು ಎಂಬುದರಲ್ಲೂ ಸ್ವಲ್ಪ ಕೈಯಾಡಿಸುತ್ತದೆ. ಸ್ವಲ್ಪ ಮಾತ್ರ. ಪೂರ್ತಿ ನಮ್ಮ ಕೈಯಲ್ಲಿದ್ದಿದ್ದರೆ ನನ್ನಂಥವರು ಬೇಕಾಗಿರಲಿಲ್ಲ.

ಈ ಒಳಗಿನ ಕೊಬ್ಬಿಗೆ ಇಲ್ಲಿ ಮಾರ್ಬ್ಲಿಂಗ್ ಎನ್ನುತ್ತಾರೆ. ಅದನ್ನು ನೋಡುವ ಜಾಗ ಕಸಾಯಿಖಾನೆಯ ಕೋಲ್ಡ್ ರೂಮು. ಚರ್ಮ, ಕರುಳು ತೆಗೆದು ಎರಡು ಭಾಗ ಮಾಡಿದ ಕಾರ್ಕಸ್‌ಗಳು ಮೇಲಿನ ಹಳಿಯಿಂದ ಸಾಲಾಗಿ ತೂಗುತ್ತಿರುತ್ತವೆ. ಒಂದೆರಡು ದಿನ ತಣ್ಣಗಾದ ಮೇಲೆ 12 ಮತ್ತು 13ನೇ ಪಕ್ಕೆಲುಬಿನ ನಡುವೆ ಕೊಯ್ದು ಬೆನ್ನಿನ ಸ್ನಾಯುವಿನ ಅಡ್ಡ ಮುಖ ತೆರೆಯುತ್ತಾರೆ. ಕೊಯ್ದ ತಕ್ಷಣ ಮಾಂಸ ನೇರಳೆ ಬಣ್ಣದಲ್ಲಿರುತ್ತದೆ. ಗಾಳಿ ತಗುಲಿ ಕೆಲವು ನಿಮಿಷಕ್ಕೆ ಚೆರ್ರಿ ಕೆಂಪಾಗುತ್ತದೆ. ಆಗ ಕಾಣುತ್ತದೆ, ಕೆಂಪು ನೆಲದ ಮೇಲೆ ಸಣ್ಣ ರವೆ ಚೆಲ್ಲಿದ ಹಾಗೆ. ಎಷ್ಟು ಚೆಲ್ಲಿದೆ ಎಂಬುದರ ಮೇಲೆ ದರ್ಜೆ. ಎಳೆ ವಯಸ್ಸಿನ ದನಕ್ಕೆ ಮೇಲಿನಿಂದ ಪ್ರೈಮ್, ಚಾಯ್ಸ್, ಸೆಲೆಕ್ಟ್, ಸ್ಟ್ಯಾಂಡರ್ಡ್. ಈ ದರ್ಜೆ ಕೊಡುವ ಕೆಲಸವನ್ನು ಅಮೆರಿಕದ ಕೃಷಿ ಇಲಾಖೆ 1927ರಿಂದ ಮಾಡುತ್ತಿದೆ. ಕಡ್ಡಾಯ ಅಲ್ಲ, ಕಸಾಯಿಖಾನೆಯವರೇ ದುಡ್ಡು ಕಟ್ಟಿ ಮಾಡಿಸಿಕೊಳ್ಳುತ್ತಾರೆ. ಈಗ ದೊಡ್ಡ ಕಡೆಗಳಲ್ಲಿ ಕ್ಯಾಮೆರಾ ಫೋಟೋ ತೆಗೆದು ಅಳೆಯುತ್ತದೆ, ಪಕ್ಕದಲ್ಲಿ ಬಿಳಿ ಕೋಟಿನ ಗ್ರೇಡರ್ ನಿಂತಿರುತ್ತಾರೆ.

ಇನ್ನೊಂದು ದರ್ಜೆಯೂ ಇದೆ, 1ರಿಂದ 5ರವರೆಗೆ. ಅದು ಆ ಕಾರ್ಕಸ್‌ನಿಂದ ಮಾರುವಂಥ ಮಾಂಸ ಎಷ್ಟು ಸಿಗುತ್ತದೆ ಎಂಬ ಲೆಕ್ಕ. ಬೆನ್ನಿನ ಮೇಲಿನ ಕೊಬ್ಬಿನ ದಪ್ಪ, ಆ ಸ್ನಾಯುವಿನ ಅಗಲ, ಮೂತ್ರಪಿಂಡದ ಸುತ್ತಲಿನ ಕೊಬ್ಬು, ಒಟ್ಟು ತೂಕ, ಇಷ್ಟನ್ನು ಸೇರಿಸಿ ತೆಗೆಯುತ್ತಾರೆ. 1 ಎಂದರೆ ಕೊಬ್ಬು ಕಡಿಮೆ, ಮಾಂಸ ಜಾಸ್ತಿ. 4, 5 ಬಂತೆಂದರೆ ರೇಟು ಕಟ್. ಇಲ್ಲಿಯೇ ತಲೆನೋವು. ಸ್ನಾಯುವಿನೊಳಗಿನ ಕೊಬ್ಬಿಗೆ ದುಡ್ಡು, ಚರ್ಮದ ಕೆಳಗಿನ ಕೊಬ್ಬಿಗೆ ದಂಡ. ಎರಡೂ ಬರುವುದು ಒಂದೇ ಗೋದಲಿಯಿಂದ. ಹೊರಗಿನದು ಜೋರಾಗಿ ತುಂಬುವಾಗ ಒಳಗಿನದು ಇನ್ನೂ ನಿಧಾನವಾಗಿ ಕಾಣಿಸಿಕೊಳ್ಳುತ್ತಿರುತ್ತದೆ. ಚಾಯ್ಸ್ ಬರಲಿ ಎಂದು ಕಾಯುತ್ತಾ ಕೂತರೆ ಬೆನ್ನ ಮೇಲೆ ಒಂದೂವರೆ, ಎರಡು ಸೆಂಟಿಮೀಟರ್ ಕೊಬ್ಬು ಏರಿರುತ್ತದೆ. ಅದನ್ನು ಚಾಕುವಿನಲ್ಲಿ ಸವರಿ ತೆಗೆಯುವುದಷ್ಟೇ.

ನಮ್ಮ ಕಡೆ ಬನ್ನೂರು ಕುರಿ ಕೊಳ್ಳುವವರು ಬೆನ್ನಿನ ಮೇಲೆ ಕೈ ಇಟ್ಟು ಹಿಸುಕಿ ನೋಡುತ್ತಾರೆ. ಮೂಳೆ ಎಷ್ಟು ಚುಚ್ಚುತ್ತದೆ ಎಂಬುದರ ಮೇಲೆ ವ್ಯಾಪಾರ. ಇಲ್ಲಿ ಅಲ್ಟ್ರಾಸೌಂಡ್ ಇದೆ. ಆದರೂ ಫೀಡ್‌ಲಾಟ್‌ನ, ಅಂದರೆ ದನಗಳನ್ನು ಕೂಡಿಹಾಕಿ ಕಾಳು ತಿನ್ನಿಸಿ ಕೊಬ್ಬಿಸುವ ಜಾಗದ, ಅನುಭವಸ್ಥರು ನೋಡುವುದು ಬಾಲದ ಬುಡದ ಎರಡು ಕಡೆಯ ಉಬ್ಬು, ಮುಂಗಾಲುಗಳ ನಡುವೆ ತುಂಬಿಕೊಂಡ ಎದೆ. ಹೊರಗಿನ ಕೊಬ್ಬಿನ ಲೆಕ್ಕ ಇವರು ಕಣ್ಣಲ್ಲೇ ಹೇಳುತ್ತಾರೆ, ಬಹಳ ಸಲ ಸರಿಯೂ ಇರುತ್ತದೆ. ಒಳಗಿನದು ಕಣ್ಣಿಗೆ ಸಿಗುವುದಿಲ್ಲ.

ಸರಿ, ಏನು ಹಾಕುತ್ತೇವೆ? ನೆಬ್ರಾಸ್ಕಾದ ಉತ್ತರಕ್ಕೆ ಸ್ಯಾಂಡ್‌ಹಿಲ್ಸ್ ಎಂಬ ಮರಳು ಗುಡ್ಡಗಳ ಹುಲ್ಲುಗಾವಲು ಇದೆ. ಕರು ಹುಟ್ಟಿ ಬೆಳೆಯುವುದು ಅಂಥ ಕಡೆ, ತಾಯಿಯ ಹಾಲು ಮತ್ತು ಹುಲ್ಲಿನಲ್ಲಿ. ಆಮೇಲೆ ಕೆಲವು ತಿಂಗಳು ಕೊಯ್ದ ಮೆಕ್ಕೆಜೋಳದ ಹೊಲದ ಕಡ್ಡಿ ಮೇಯುತ್ತವೆ. 300ರಿಂದ 400 ಕಿಲೋ ತೂಗುವಾಗ ಫೀಡ್‌ಲಾಟ್‌ಗೆ ಬರುತ್ತವೆ. ಹೆಚ್ಚಿನವು ಬೀಜ ಒಡೆಸಿದ ಹೋರಿಗಳು, ಉಳಿದವು ಕಡಸುಗಳು. ಅಲ್ಲಿಂದ ಐದಾರು ತಿಂಗಳು ಇಲ್ಲೇ. ಕೊನೆಯ ಹಂತದ ಮೇವಿನಲ್ಲಿ, ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ, ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳ. ನೂರಕ್ಕೆ 20-30ರಷ್ಟು ಎಥನಾಲ್ ಕಾರ್ಖಾನೆಯ ಚರಟ. ಒಣ ಮೇವು ಬರೀ 6-8. ಮಿಕ್ಕಿದ್ದು ಸುಣ್ಣದ ಪುಡಿ, ಉಪ್ಪು, ಖನಿಜ, ವಿಟಮಿನ್. ಕಾಳನ್ನು ಇಡಿಯಾಗಿ ಹಾಕಿದರೆ ಒಂದಷ್ಟು ಸಗಣಿಯಲ್ಲೇ ಹೊರಗೆ ಬರುತ್ತದೆ. ಅದಕ್ಕೇ ರೋಲರ್‌ನಲ್ಲಿ ಒಡೆಯುತ್ತಾರೆ. ಟೆಕ್ಸಾಸ್, ಕಾನ್ಸಾಸ್ ಕಡೆ ಆವಿಯಲ್ಲಿ ಬೇಯಿಸಿ ಅವಲಕ್ಕಿ ಮಾಡಿದಂತೆ ಚಪ್ಪಟೆ ಒತ್ತುತ್ತಾರೆ. ನೆಬ್ರಾಸ್ಕಾದಲ್ಲಿ ಹಸಿಯಾಗಿದ್ದಾಗಲೇ, 30ರ ಆಸುಪಾಸು ತೇವಾಂಶ ಇರುವಾಗ ಕೊಯ್ದು, ಪುಡಿ ಮಾಡಿ, ಒತ್ತಿ ಮುಚ್ಚಿಟ್ಟು ಹುದುಗಿಸಿದ ಜೋಳವೂ ನಡೆಯುತ್ತದೆ. ಅದು ಹೊಟ್ಟೆಯಲ್ಲಿ ಬಹಳ ಬೇಗ ಕರಗುತ್ತದೆ. ಹಾಗಾಗಿ ಅದನ್ನೇ ಪೂರ್ತಿ ಹಾಕದೆ ಒಣ ಜೋಳದ ಜೊತೆ ಬೆರೆಸುತ್ತೇವೆ.

ಬೇಗ ಕರಗಿದರೆ ಏನಾಗುತ್ತದೆ ಎಂದು ನಮ್ಮೂರ ಕಡೆಯ ಡಾಕ್ಟರುಗಳಿಗೆ ಹೇಳಿಕೊಡಬೇಕಾಗಿಲ್ಲ. ಮದುವೆ ಛತ್ರದ ಹಿಂದೆ ಎಲೆ ಮೇಯಲು ಹೋದ ಹಸು ಉಳಿದ ಅನ್ನವನ್ನೆಲ್ಲ ತಿಂದು ಬಂದು ರಾತ್ರಿ ಬಿದ್ದುಕೊಳ್ಳುತ್ತದೆ. ಹೊಟ್ಟೆ ಮುಟ್ಟಿದರೆ ನೀರು ತುಂಬಿದ ಸದ್ದು. ಮೆಲುಕು ಇಲ್ಲ, ಹುಳಿ ವಾಸನೆಯ ಭೇದಿ. ಅಡುಗೆ ಸೋಡಾ ಕರಗಿಸಿ ಕುಡಿಸಿ, ಡ್ರಿಪ್ ಹಾಕಿ, ಬದುಕಿದರೆ ಪುಣ್ಯ. ಫೀಡ್‌ಲಾಟ್‌ನಲ್ಲಿ ನಾವು ಮಾಡುವುದು ಹೆಚ್ಚುಕಡಿಮೆ ಆ ಅಂಚಿನಲ್ಲಿಯೇ ದನಗಳನ್ನು ತಿಂಗಳುಗಟ್ಟಲೆ ನಡೆಸುವುದು. ಅದಕ್ಕೇ ಹುಲ್ಲಿನಿಂದ ಕಾಳಿಗೆ ಒಮ್ಮೆಲೇ ಬದಲಿಸುವುದಿಲ್ಲ. ಮೂರು ವಾರ ತಗೊಂಡು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತೇವೆ. ಶುರುವಿನಲ್ಲಿ ನೂರಕ್ಕೆ 40ರಷ್ಟು ಒಣ ಮೇವು, ಕೊನೆಗೆ ಆ 6-8.

ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಒಬ್ಬರು ಪಿಕಪ್ ಓಡಿಸಿಕೊಂಡು ಪ್ರತಿ ದೊಡ್ಡಿಯ ಮುಂದೆ ನಿಧಾನವಾಗಿ ಹೋಗುತ್ತಾರೆ. ಕಾಂಕ್ರೀಟಿನ ಉದ್ದ ಗೋದಲಿಯಲ್ಲಿ ನಿನ್ನೆಯದು ಎಷ್ಟು ಉಳಿದಿದೆ ಎಂದು ಟಾರ್ಚ್ ಹಾಕಿ ನೋಡುವುದೇ ಕೆಲಸ. ಪೂರ್ತಿ ನೆಕ್ಕಿ ಹೊಳೆಯುತ್ತಿದೆಯಾ? ಮೂಲೆಯಲ್ಲಿ ಒಂದು ಹಿಡಿ ಪುಡಿ ಬಿದ್ದಿದೆಯಾ? ಅಥವಾ ಒಂದು ಪದರ ಹಾಗೇ ಕೂತಿದೆಯಾ? ನಾನೂ ಹೋದಾಗ ಅವರ ಪಕ್ಕದಲ್ಲಿ ಕೂರುತ್ತೇನೆ. ಕಿಟಕಿ ಇಳಿಸಿದರೆ ಚರಟದ ಹುಳಿ ವಾಸನೆ, ಚಳಿಗಾಲವಾದರೆ ದನಗಳ ಬೆನ್ನಿನಿಂದ ಏಳುವ ಹಬೆ. ಇವತ್ತು ಅರ್ಧ ಕಿಲೋ ಏರಿಸಬೇಕಾ, ಹಾಗೇ ಬಿಡಬೇಕಾ ಎಂಬುದು ಅಲ್ಲೇ ತೀರ್ಮಾನ. ದನ ಹಸಿದು ಕಾದು, ಲಾರಿ ತಡವಾಗಿ ಬಂದು, ಒಮ್ಮೆಲೇ ಮುಗಿಬಿದ್ದು ತಿಂದರೆ ಅವತ್ತೇ ಹುಳಿ ಹೊಡೆಯುತ್ತದೆ. ಎಷ್ಟೇ ಒಳ್ಳೆಯ ಲೆಕ್ಕ ಬರೆದು ಕೊಟ್ಟರೂ ಆ ಟಾರ್ಚ್ ಹಿಡಿದವರ ಕಣ್ಣು ಸರಿ ಇಲ್ಲದಿದ್ದರೆ ಅದು ಬರೀ ಕಾಗದ.

ಹುಳಿಯ ಗುರುತು ಕಸಾಯಿಖಾನೆಯಲ್ಲಿ ಸಿಗುತ್ತದೆ. ಲಿವರ್‌ನಲ್ಲಿ ಕೀವಿನ ಗಡ್ಡೆಗಳು. ಆಮ್ಲಕ್ಕೆ ಮೆಲುಕು ಚೀಲದ ಒಳಪದರ ಕಿತ್ತುಬರುತ್ತದೆ. ಆ ಗಾಯದಿಂದ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿ ಲಿವರ್‌ನಲ್ಲಿ ಮನೆ ಮಾಡುತ್ತದೆ. ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯ ಟಿ.ಜಿ. ನಾಗರಾಜ ಅವರು ದಶಕಗಳ ಕಾಲ ಇದರ ಮೇಲೆಯೇ ಕೆಲಸ ಮಾಡಿದ್ದಾರೆ. ಈ ವಿಷಯದಲ್ಲಿ ಅವರ ಹೆಸರು ಬರದ ಪಾಠವೇ ಇಲ್ಲ. ಲಿವರ್ ಹಾಳಾದರೆ ಲಿವರ್ ಒಂದೇ ಹೋಗುವುದಿಲ್ಲ. ಗಡ್ಡೆ ದೊಡ್ಡದಾಗಿ ವಪೆಗೆ ಅಂಟಿಕೊಂಡರೆ ಆ ಭಾಗದ ಒಳ್ಳೆ ಬೆಲೆಯ ಮಾಂಸವನ್ನೂ ಕತ್ತರಿಸಿ ಎಸೆಯಬೇಕು. ಹುಳಿಯನ್ನು ಹಿಡಿತದಲ್ಲಿಡಲು ಮೊನೆನ್ಸಿನ್ ಎಂಬ ಪದಾರ್ಥವನ್ನು 1970ರ ದಶಕದಿಂದ ಮೇವಿನಲ್ಲಿ ಹಾಕುತ್ತಾರೆ. ಗಡ್ಡೆ ತಡೆಯಲು ಟೈಲೋಸಿನ್ ಎಂಬ ಆಂಟಿಬಯಾಟಿಕ್ ಇದೆ. 2017ರಿಂದ ಅದಕ್ಕೆ ಪಶುವೈದ್ಯರ ಲಿಖಿತ ಆದೇಶ ಬೇಕು. ಅದು ಬಂದದ್ದು ಒಳ್ಳೆಯದೇ ಆಯಿತು ಎನ್ನುವವಳು ನಾನು. ಸುಲಭವಾಗಿ ಸಿಗುವ ಔಷಧಿ ಇದ್ದರೆ ಯಾರೂ ಗೋದಲಿಯ ಕಡೆ ಸರಿಯಾಗಿ ನೋಡುವುದಿಲ್ಲ.

ಎಥನಾಲ್ ಚರಟದ ಬಗ್ಗೆ ಅಪ್ಪನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಬೆಂಗಳೂರಿನ ಸುತ್ತ ಹಸು ಸಾಕುವವರು ಬಿಯರ್ ಕಂಪನಿಯ ವೇಸ್ಟ್ ತಂದು ಹಾಕುವುದು ಅವರು ಕೇಳಿದ್ದೇ. ಇದೂ ಹಾಗೇ. ಮೆಕ್ಕೆಜೋಳದ ಮೂರನೇ ಎರಡು ಭಾಗ ಪಿಷ್ಟ. ಅದು ಕಾರ್ಖಾನೆಯಲ್ಲಿ ಎಥನಾಲ್ ಮತ್ತು ಗ್ಯಾಸ್ ಆಗಿ ಹೋಗುತ್ತದೆ. ಉಳಿದ ಮೂರನೇ ಒಂದು ಭಾಗದಲ್ಲಿ ಪ್ರೋಟೀನ್, ಎಣ್ಣೆ, ನಾರು ಎಲ್ಲ ಮೂರು ಪಟ್ಟು ಗಟ್ಟಿಯಾಗಿ ನಿಲ್ಲುತ್ತವೆ. ಒದ್ದೆಯಾಗಿರುವಾಗಲೇ ಲಾರಿಯಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಕೆಲವೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಹಾಗಾಗಿ ಕಾರ್ಖಾನೆ ಹತ್ತಿರ ಇರುವ ಫೀಡ್‌ಲಾಟ್‌ಗೇ ಇದರ ಲಾಭ. ಪಿಷ್ಟ ಇಲ್ಲದ ಕಾರಣ ಹುಳಿ ಕಡಿಮೆ, ತೂಕ ಮಾತ್ರ ಚೆನ್ನಾಗಿ ಬರುತ್ತದೆ. ನೂರಕ್ಕೆ 30ರವರೆಗೆ ಹಾಕಿದರೆ ಮಾರ್ಬ್ಲಿಂಗ್‌ಗೆ ದೊಡ್ಡ ಏಟು ಬೀಳುವುದಿಲ್ಲ. ಏಟು ಬೀಳುವುದು ಅಂಗಡಿಯಲ್ಲಿ.

ಅದು ಹೇಗೆ ಅಂದರೆ, ದನದ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಒಂದು ಅಭ್ಯಾಸ. ಯಾವ ಎಣ್ಣೆ ಹಾಕಿದರೂ ಅದನ್ನು ಗಟ್ಟಿ ಕೊಬ್ಬಾಗಿ ಬದಲಿಸುತ್ತವೆ. ಹಂದಿ, ಕೋಳಿಗೆ ಆ ಚೀಲ ಇಲ್ಲ. ಕಡಲೆಕಾಯಿ ತಿಂದ ಹಂದಿಯ ಕೊಬ್ಬು ಮೆತ್ತಗೆ ಎಣ್ಣೆಯಾಗಿರುತ್ತದೆ. ದನದ ಕೊಬ್ಬು ಹಾಗೆ ಸುಲಭಕ್ಕೆ ಬದಲಾಗುವುದಿಲ್ಲ. ಆದರೆ ಚರಟದ ಎಣ್ಣೆಯಲ್ಲಿ ಒಂದು ಪಾಲು ಈ ಬದಲಾವಣೆ ತಪ್ಪಿಸಿಕೊಂಡು ಮಾಂಸ ಸೇರುತ್ತದೆ. ಅಂಥ ಕೊಬ್ಬು ಗಾಳಿಗೆ ಬೇಗ ಕೆಡುತ್ತದೆ. ಅಂಗಡಿಯ ಟ್ರೇಯಲ್ಲಿ ಇಟ್ಟ ಮಾಂಸ ಕೆಂಪಿನಿಂದ ಕಂದಾಗುವುದು ಒಂದೆರಡು ದಿನ ಮುಂಚೆಯೇ ಶುರುವಾಗುತ್ತದೆ. ಕಂದಾದ ಮಾತ್ರಕ್ಕೆ ಹಳಸಿದೆ ಎಂದಲ್ಲ. ಆದರೂ ಯಾರೂ ಕೈ ಹಾಕುವುದಿಲ್ಲ. ಲಿಂಕನ್‌ನ ಯೂನಿವರ್ಸಿಟಿಯಲ್ಲಿ ಇದರ ಮೇಲೆ ಸಾಕಷ್ಟು ಕೆಲಸ ಆಗಿದೆ. ಕೊನೆಯ ತಿಂಗಳುಗಳಲ್ಲಿ ಮೇವಿಗೆ ವಿಟಮಿನ್ ಇ ಏರಿಸಿದರೆ ಬಣ್ಣ ಮತ್ತೆ ನಿಲ್ಲುತ್ತದೆ. ಆದರೆ ವಿಟಮಿನ್ ದುಡ್ಡು ಕಟ್ಟುವವನು ಫೀಡ್‌ಲಾಟ್‌ನವನು, ಬಣ್ಣದ ಲಾಭ ಅಂಗಡಿಯವನಿಗೆ. ಹೀಗಿದ್ದರೆ ಯಾರು ಹಾಕುತ್ತಾರೆ ಹೇಳಿ?

ಹಸಿರು ಹುಲ್ಲಿನಲ್ಲಿ ಈ ವಿಟಮಿನ್ ಇ ಪುಕ್ಕಟೆ ಇದೆ. ಹಾಗಾಗಿ ಬರೀ ಹುಲ್ಲಿನಲ್ಲಿ ಬೆಳೆದ ದನದ ಮಾಂಸ ಶುರುವಿಗೆ ಸ್ವಲ್ಪ ಕಪ್ಪಾಗಿ ಕಂಡರೂ ಬಣ್ಣ ಬೇಗ ಬಿಡುವುದಿಲ್ಲ. ಹುಲ್ಲಿನ ಇನ್ನೊಂದು ಗುರುತು ಹಳದಿ ಕೊಬ್ಬು. ನಮ್ಮ ಮನೆಗಳಲ್ಲಿ ಹಸುವಿನ ತುಪ್ಪ ಹಳದಿ, ಎಮ್ಮೆಯ ತುಪ್ಪ ಬಿಳಿ, ಅಲ್ವಾ? ಮಳೆಗಾಲದ ಹಸಿರು ತಿಂದ ಹಸುವಿನ ತುಪ್ಪ ಇನ್ನೂ ಹಳದಿ. ಹುಲ್ಲಿನ ಕ್ಯಾರೋಟಿನ್ ಅನ್ನು ಎಮ್ಮೆ ಹೆಚ್ಚುಕಡಿಮೆ ಪೂರ್ತಿ ವಿಟಮಿನ್ ಎ ಮಾಡಿಕೊಳ್ಳುತ್ತದೆ, ಹಸು ಒಂದಷ್ಟನ್ನು ಹಾಗೇ ಕೊಬ್ಬಿನಲ್ಲಿ ಬಿಡುತ್ತದೆ. ನಮ್ಮಲ್ಲಿ ಆ ಬಣ್ಣಕ್ಕೆ ಬೆಲೆ ಜಾಸ್ತಿ. ಅದೇ ಬಣ್ಣ ಇಲ್ಲಿ ಕಾರ್ಕಸ್ ಮೇಲೆ ಕಂಡರೆ ಮುದಿ ಹಸು ಇರಬೇಕು ಎಂದು ಮೂಗು ಮುರಿಯುತ್ತಾರೆ.

ಕ್ಯಾರೋಟಿನ್ ಮಾತು ಬಂದದ್ದಕ್ಕೆ ಜಪಾನಿನವರ ವಿಚಾರ ಹೇಳಲೇಬೇಕು. ವಾಗ್ಯು ಮಾಂಸದಲ್ಲಿ ಕೆಂಪಿಗಿಂತ ಬಿಳಿಯೇ ಜಾಸ್ತಿ ಕಾಣುವ ಫೋಟೋ ನೋಡಿರುತ್ತೀರಿ. ತಳಿಯ ಗುಣ ಅದರಲ್ಲಿ ದೊಡ್ಡದು, ಸುಮಾರು ಎರಡೂವರೆ ವರ್ಷ ಸಾಕುವ ತಾಳ್ಮೆಯೂ ಸೇರಿದೆ. ಅದರ ಜೊತೆ ಇನ್ನೊಂದು ಉಪಾಯ. ಕೊಬ್ಬೇರುವ ನಡುವಿನ ಹಂತದಲ್ಲಿ ವಿಟಮಿನ್ ಎ ಬೇಕೆಂದೇ ಕಡಿಮೆ ಮಾಡುತ್ತಾರೆ. ಹಸಿರು ಮೇವು ನಿಲ್ಲಿಸಿ ಭತ್ತದ ಹುಲ್ಲು ಹಾಕುತ್ತಾರೆ, ಅದರಲ್ಲಿ ಕ್ಯಾರೋಟಿನ್ ಇಲ್ಲವೆಂದರೂ ಸರಿ. ವಿಟಮಿನ್ ಎ ಕಡಿಮೆಯಾದಾಗ ಸ್ನಾಯುವಿನೊಳಗೆ ಹೊಸ ಕೊಬ್ಬಿನ ಕಣಗಳು ಜಾಸ್ತಿ ಹುಟ್ಟುತ್ತವೆ. ಈ ಕಡಿತ ಅತಿಯಾದರೆ ಹೋರಿಗೆ ಕಣ್ಣು ಹೋಗುತ್ತದೆ, ಕಾಲು ಬಾಯುತ್ತದೆ. ನಮ್ಮಲ್ಲಿ ಬರಗಾಲದಲ್ಲಿ ಬರೀ ಒಣ ಹುಲ್ಲು ತಿಂದ ಹಸುವಿನ ಕರು ಕುರುಡಾಗಿ ಹುಟ್ಟುವುದನ್ನು ನೋಡಿದವಳಿಗೆ ಇದು ಸುತರಾಂ ಇಷ್ಟವಾಗುವುದಿಲ್ಲ. ನನ್ನ ಮೇವಿನ ಚೀಟಿಯಲ್ಲಿ ವಿಟಮಿನ್ ಎ ಯಾವಾಗಲೂ ಇದ್ದೇ ಇರುತ್ತದೆ.

"ಹುಲ್ಲಿನ ದನದ್ದೇ ಒಳ್ಳೆಯದಂತೆ ಹೌದಾ?" ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಯಾವುದಕ್ಕೆ ಒಳ್ಳೆಯದು ಎಂದು ಕೇಳಬೇಕು. ಹುಲ್ಲಿನ ಮಾಂಸದಲ್ಲಿ ಒಟ್ಟು ಕೊಬ್ಬು ಕಡಿಮೆ. ಒಮೆಗಾ-3 ಕೆಲವು ಪಟ್ಟು ಜಾಸ್ತಿ, ಅದು ನಿಜ. ಆದರೆ ಆ ಪಟ್ಟಿನ ಬುಡವೇ ತೀರಾ ಸಣ್ಣದು. ಮಂಗಳೂರಿನವರ ಒಂದು ತಟ್ಟೆ ಭೂತಾಯಿ ಮೀನಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಓದುವಾಗ ರುಚಿ ನೋಡುವ ತಂಡದಲ್ಲಿ ನಾನೂ ಕೂತಿದ್ದೆ. ಮನೆಯಲ್ಲಿ ಹೇಳಿಯೇ ಕೂತಿದ್ದೆ. ಸಣ್ಣ ಸಣ್ಣ ಗೂಡು, ಕೆಂಪು ದೀಪ. ಮಾಂಸದ ಬಣ್ಣ ಕಾಣಬಾರದು ಎಂದು ಆ ದೀಪ. ಚಿಕ್ಕ ಕಿಟಕಿಯಿಂದ ಬೆಚ್ಚಗಿನ ಚೌಕದ ತುಂಡು ಬರುತ್ತದೆ, ಉಪ್ಪಿಲ್ಲ, ಖಾರ ಇಲ್ಲ. ಮಧ್ಯೆ ಸಪ್ಪೆ ಬಿಸ್ಕತ್ತು, ನೀರು. ಕಾಳಿನದು ಬಾಯಲ್ಲಿ ಬೆಣ್ಣೆಯ ಜಿಡ್ಡು ಬಿಡುತ್ತದೆ. ಹುಲ್ಲಿನದು ಸ್ವಲ್ಪ ಸೊಪ್ಪು ಸೊಪ್ಪು, ಸ್ವಲ್ಪ ಲಿವರ್ ವಾಸನೆ. ಚಿಕ್ಕಂದಿನಿಂದ ಜೋಳದ ದನ ತಿಂದು ಬೆಳೆದ ಇಲ್ಲಿಯ ಹುಡುಗರು ಹುಲ್ಲಿನದಕ್ಕೆ ಕಡಿಮೆ ಅಂಕ ಕೊಡುತ್ತಿದ್ದರು. ಮೇಕೆ ಮಾಂಸ ತಿಂದು ಬೆಳೆದ ನನಗೆ ಹುಲ್ಲಿನದೇ ಪರಿಚಯದ್ದು ಅನ್ನಿಸಿತು. ಒಂದು ಮಾತು ಮಾತ್ರ ಅಂಗಡಿಯಲ್ಲಿ ನೆನಪಿಡಿ. ಹುಲ್ಲಿನ ದನ ಎಂದು ಬರೆದುಕೊಳ್ಳಲು ಕೃಷಿ ಇಲಾಖೆ ಮಾಡಿದ್ದ ನಿಯಮವನ್ನು 2016ರಲ್ಲಿ ಅದೇ ಹಿಂತೆಗೆದುಕೊಂಡಿತು. ಈಗ ಪ್ಯಾಕೆಟ್ ಮೇಲಿನ ಆ ಮಾತಿಗೆ ಯಾರು ಮುದ್ರೆ ಒತ್ತಿದ್ದಾರೆ ಎಂದು ತಿರುಗಿಸಿ ಓದಬೇಕು.

ಇನ್ನು ಮೇವಿನಿಂದ ಆಗದ ಕೆಲಸ. ಟೆಕ್ಸಾಸ್‌ನಿಂದ ಬರುವ ಕೆಲವು ದನಗಳಿಗೆ ಹಿಣಿಲು ಇರುತ್ತದೆ, ಗಂಗೆದೊಗಲು ಜೋತುಬಿದ್ದಿರುತ್ತದೆ. ಮೊದಲ ಸಲ ನೋಡಿದಾಗ ಮಾತಾಡಿಸಬೇಕು ಅನ್ನಿಸಿತ್ತು. ಬ್ರಾಹ್ಮನ್ ಎಂಬ ಆ ಅಮೆರಿಕನ್ ತಳಿಯನ್ನು ಕಟ್ಟಿದ್ದೇ ನಮ್ಮ ದನಗಳಿಂದ. ಗಿರ್, ಕಾಂಕ್ರೇಜ್, ಓಂಗೋಲ್, ಜೊತೆಗೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಕೃಷ್ಣಾ ಕಣಿವೆ ತಳಿ. 1924ರಲ್ಲಿ ಅದಕ್ಕೊಂದು ಸಂಘವೇ ಆಯಿತು. ಸೆಕೆಗೆ, ಉಣ್ಣಿ ಹುಳಕ್ಕೆ ಬಗ್ಗದ ಜಾತಿ. ಆದರೆ ಮಾಂಸ ಗಟ್ಟಿ. ಕೊಂದ ಮೇಲೆ ಸ್ನಾಯುವನ್ನು ಒಳಗಿನಿಂದ ಸಡಿಲ ಮಾಡುವ ಕ್ಯಾಲ್ಪೇನ್ ಎಂಬ ಕಿಣ್ವ ಇದೆ. ಈ ದನಗಳಲ್ಲಿ ಅದಕ್ಕೆ ಲಗಾಮು ಹಾಕುವ ಇನ್ನೊಂದು ಪ್ರೋಟೀನ್ ಜಾಸ್ತಿ. ನೆಬ್ರಾಸ್ಕಾದ ಕ್ಲೇ ಸೆಂಟರ್‌ನಲ್ಲಿರುವ ಸರ್ಕಾರಿ ಸಂಶೋಧನಾ ಕೇಂದ್ರ ಇದನ್ನು ಬಿಡಿಸಿ ತೋರಿಸಿದ ಜಾಗಗಳಲ್ಲಿ ಒಂದು. ನಾನು ಎಷ್ಟು ಜೋಳ ಹಾಕಿದರೂ ಆ ಲಗಾಮು ಸಡಿಲವಾಗುವುದಿಲ್ಲ. ಆಂಗಸ್ ತಳಿಯ ಹೆಸರಿನ ಒಂದು ದೊಡ್ಡ ಮಾರ್ಕಿನವರಂತೂ ಕತ್ತಿನ ಹಿಣಿಲು ಎರಡು ಇಂಚು ದಾಟಿದರೆ ಕಾರ್ಕಸ್ಸನ್ನೇ ಪಕ್ಕಕ್ಕೆ ಸರಿಸುತ್ತಾರೆ.

ಕೊನೆಯ ದಿನ ಹಾಳಾಗುವುದೂ ಮೇವಿನ ಕೈಯಲ್ಲಿಲ್ಲ. ಸ್ನಾಯುವಿನಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರಬೇಕು. ಸತ್ತ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಪಿಎಚ್ 7ರಿಂದ 5.5ಕ್ಕೆ ಇಳಿದರೆ ಒಳ್ಳೆ ಕೆಂಪು. ಲಾರಿ ಹತ್ತಿಸುವಾಗ ಬಡಿದು, ಕೂಗಿ, ಬೇರೆ ದೊಡ್ಡಿಯ ದನಗಳ ಜೊತೆ ಬೆರೆಸಿ ಗುದ್ದಾಡಿಸಿದರೆ ದಾಸ್ತಾನು ಅಲ್ಲೇ ಖಾಲಿ. ಪಿಎಚ್ 6ರ ಮೇಲೆಯೇ ನಿಲ್ಲುತ್ತದೆ, ಮಾಂಸ ಕಪ್ಪಗೆ ಅಂಟಂಟಾಗಿ ಕಾಣುತ್ತದೆ. ಐದು ತಿಂಗಳ ಮೇವು ಒಂದು ಮಧ್ಯಾಹ್ನಕ್ಕೆ ನೀರುಪಾಲು. ಕೊಲೊರಾಡೋ ಸ್ಟೇಟ್ ಯೂನಿವರ್ಸಿಟಿಯ ಪ್ರೊಫೆಸರ್ ಟೆಂಪಲ್ ಗ್ರಾಂಡಿನ್ ಅವರು ದನ ಹೆದರದಂತೆ ಬಾಗಿದ ಓಣಿಗಳನ್ನು ವಿನ್ಯಾಸ ಮಾಡಿಕೊಟ್ಟದ್ದು ಈ ಉದ್ಯಮಕ್ಕೆ ದೊಡ್ಡ ಉಪಕಾರ. ಹೊರಗೆ ಹಗಲು ಸೆಕೆ ರಾತ್ರಿ ಚಳಿ ಆಗುವ ತಿಂಗಳುಗಳಲ್ಲೂ ಈ ಕಪ್ಪು ಮಾಂಸ ಜಾಸ್ತಿ. ಅದಕ್ಕೆ ಯಾವ ಓಣಿಯೂ ಇಲ್ಲ.

ಈಗಿನ ಪರಿಸ್ಥಿತಿ ಬೇರೆಯೇ. ಅಮೆರಿಕದ ದನಗಳ ಸಂಖ್ಯೆ 1951ರ ನಂತರ ಇಷ್ಟು ಕಡಿಮೆ ಆಗಿರಲಿಲ್ಲ. 2025ರ ಜನವರಿಯ ಎಣಿಕೆಯಲ್ಲಿ ಸುಮಾರು 8 ಕೋಟಿ 67 ಲಕ್ಷ. ಕರು ದುಬಾರಿ, ಜೋಳ ಅಗ್ಗ. ಹಾಗಾಗಿ ಇರುವ ದನವನ್ನೇ ಜಾಸ್ತಿ ದಿನ ತಿನ್ನಿಸಿ ಜಾಸ್ತಿ ತೂಕಕ್ಕೆ ಕಳಿಸುತ್ತಾರೆ. 650 ಕಿಲೋ ಸಾಕು ಎನ್ನುತ್ತಿದ್ದ ಕಡೆ 700 ದಾಟಿಸುತ್ತಿದ್ದಾರೆ. ಪ್ರೈಮ್ ದರ್ಜೆ ಹಿಂದೆ ನೂರಕ್ಕೆ ಎರಡು ಮೂರು ಬರುತ್ತಿದ್ದದ್ದು ಈಗ ಹತ್ತರ ಆಚೀಚೆ ಇದೆ. ಅದರಲ್ಲಿ ತಳಿಯ ಪಾಲೂ ಇದೆ, ಈ ಹೆಚ್ಚುವರಿ ದಿನಗಳ ಪಾಲೂ ಇದೆ. ಆದರೆ 4, 5ರ ದರ್ಜೆಯೂ ಜೊತೆಗೇ ಏರಿದೆ. ಕೊನೆಯ ವಾರಗಳಲ್ಲಿ ಒಂದು ಕಿಲೋ ತೂಕಕ್ಕೆ ಎಂಟು ಕಿಲೋ ಒಣ ಮೇವು ದಾಟುವುದೂ ಉಂಟು, ಬಂದ ತೂಕದಲ್ಲಿ ಬಹುಪಾಲು ಕೊಬ್ಬು. ಸವರಿ ತೆಗೆದ ಆ ಕೊಬ್ಬನ್ನು ಕಾಯಿಸಿ ಈಗ ಡೀಸೆಲ್ ಮಾಡುತ್ತಾರೆ. ಜೋಳದ ಪಿಷ್ಟದಿಂದ ಪೆಟ್ರೋಲಿಗೆ ಬೆರೆಸುವ ಎಥನಾಲ್, ಚರಟ ತಿಂದ ದನದ ಕೊಬ್ಬಿನಿಂದ ಡೀಸೆಲ್. ಇಷ್ಟೆಲ್ಲ ಸುತ್ತಿ ಬರಬೇಕಾಗಿತ್ತಾ ಅಂತ ನನಗೆ ಅನ್ನಿಸುತ್ತದೆ, ಲಾಭ ಎಣಿಸುವವರಿಗೆ ಅನ್ನಿಸುವುದಿಲ್ಲ.

ನಾನು ನೋಡಿಕೊಳ್ಳುವ ಒಂದು ಜಾಗದಲ್ಲಿ ಕಪ್ಪು ಕಡಸುಗಳ ಒಂದು ದೊಡ್ಡಿ ಇದೆ. ಬಾಲದ ಬುಡ ಆಗಲೇ ತುಂಬಿ ಉಬ್ಬಿದೆ, ಮೇವು ತಿನ್ನುವುದೂ ಇಳಿಯುತ್ತಾ ಬಂದಿದೆ. ಈ ವಾರವೇ ಕಳಿಸಿ ಎಂದು ಬರೆದು ಕೊಟ್ಟಿದ್ದೇನೆ. ಮ್ಯಾನೇಜರ್ ಇನ್ನೂ ಮೂರು ವಾರ ಇರಲಿ, ಒಂದಿಷ್ಟು ಪ್ರೈಮ್ ಸಿಗುತ್ತದೆ ಎನ್ನುತ್ತಿದ್ದಾರೆ. ಸೋಮವಾರ ಮತ್ತೆ ಹೋಗಿ ಜಗಳ ಆಡಬೇಕು.